ಎಕ್ಸ್‌ಪೋಗೆ ಹೊರಟ ಚಾನೆಲ್‌ನವರೇ, ಜೇಬಲ್ಲಿ ಒಂದು ಅಗ್ಗದ ಫೋನ್ ಇರಲಿ

ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಎನ್‌ಎಬಿ ಶೋ, ಸೆಪ್ಟೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಐಬಿಸಿ. ನಮ್ಮ ದೇಶದಲ್ಲಾದರೆ ಮುಂಬೈನ ಬ್ರಾಡ್‌ಕಾಸ್ಟ್ ಇಂಡಿಯಾ ಶೋ, ದೆಹಲಿಯ ಬಿಇಎಸ್ ಎಕ್ಸ್‌ಪೋ. ಟೀವಿ ಕೆಲಸದವರು ಹೊಸ ಯಂತ್ರ ನೋಡಲು, ಚೌಕಾಸಿ ಮಾಡಲು ಹೋಗುವ ಜಾಗಗಳು ಇವು. ಸುಮಾರು ಇಪ್ಪತ್ತು ವರ್ಷಗಳಿಂದ ಇಲ್ಲೆಲ್ಲ ಒಂದೇ ಮಾತು: ಜನ ಮೊಬೈಲ್ ಕಡೆ ಹೋಗಿಬಿಟ್ಟರು, ನಾವೂ ಹೋಗಬೇಕು, ಹೇಗೆ?

ಉತ್ತರ ಮಾರುವ ಸ್ಟಾಲ್‌ಗಳಿಗೆ ಬರವಿಲ್ಲ. ಸ್ಟಾಲ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಊರಿಗೆ ತಂದ ಮೇಲೆ ಓಡುತ್ತದಾ ಅನ್ನುವುದೇ ಪ್ರಶ್ನೆ. ಜಿಲ್ಲೆಯ ಕೇಬಲ್ ಚಾನೆಲ್ ಇರಲಿ, ಬೆಂಗಳೂರಿನ ಸುದ್ದಿ ಚಾನೆಲ್ ಇರಲಿ, ಸ್ವಂತ ಯೂಟ್ಯೂಬ್ ಸುದ್ದಿ ನಡೆಸುವ ನಾಲ್ಕು ಜನರ ತಂಡ ಇರಲಿ, ಎಕ್ಸ್‌ಪೋಗೆ ಹೋಗಿ ಸರಿಯಾದದ್ದನ್ನೇ ಆರಿಸಿಕೊಂಡು ಬರುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಲೆಕ್ಕ ತಿಳಿದುಕೊಳ್ಳಿ

ಟಿಕೆಟ್ ಬುಕ್ ಮಾಡುವ ಮುಂಚೆ ನಿಮ್ಮ ಯೂಟ್ಯೂಬ್ ಅನಾಲಿಟಿಕ್ಸ್ ತೆರೆಯಿರಿ. ಎಷ್ಟು ಜನ ಮೊಬೈಲ್‌ನಲ್ಲಿ ನೋಡುತ್ತಾರೆ, ಎಷ್ಟು ಜನ ಸ್ಮಾರ್ಟ್ ಟೀವಿಯಲ್ಲಿ ನೋಡುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಎಲ್ಲಿ ಬಿಟ್ಟು ಹೋಗುತ್ತಾರೆ, ಎಲ್ಲ ಅಲ್ಲಿದೆ. ಅದನ್ನು ನೋಡಿ ನಿಮ್ಮ ದೊಡ್ಡ ತೊಂದರೆ ಯಾವುದು ಅಂತ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. "ಲೈವ್ ತಡವಾಗಿ ಬರುತ್ತಿದೆ" ಅಂತಲೋ, "ಉದ್ದುದ್ದ ವಿಡಿಯೊ ಕತ್ತರಿಸಲು ಜನ ಇಲ್ಲ" ಅಂತಲೋ, "ಹಳ್ಳಿಯಿಂದ ವರದಿಗಾರ ಲೈವ್ ಕೊಟ್ಟರೆ ಒಡೆದು ಹೋಗುತ್ತದೆ" ಅಂತಲೋ ಇರಬಹುದು. ಆ ಒಂದು ಸಾಲು ಕೈಯಲ್ಲಿ ಇಲ್ಲದೆ ಹೋದವರು ಅಲ್ಲಿನ ದೊಡ್ಡ ಎಲ್‌ಇಡಿ ಗೋಡೆ ನೋಡಿ ಬೆರಗಾಗಿ, ತಮಗೆ ಬೇಡದ ಯಂತ್ರಕ್ಕೆ ಕೊಟೇಶನ್ ತೆಗೆದುಕೊಂಡು ಬರುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ, ತುಂಬ ಕಡೆ ನಡೆಯುವುದೇ ಹೀಗೆ.

ಹಳೆಯ ಕಥೆ ಗೊತ್ತಿರಲಿ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದು ಗೊತ್ತಿದ್ದರೆ ಸ್ಟಾಲ್‌ನಲ್ಲಿ ನೀವು ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ.

ಐಫೋನ್ ಬರುವ ಮುಂಚೆಯೇ ಮೊಬೈಲ್ ಟೀವಿ ಬಂದಿತ್ತು. ಇಂಟರ್ನೆಟ್ ಮೂಲಕ ಅಲ್ಲ, ಟವರ್‌ನಿಂದ ನೇರವಾಗಿ ಫೋನಿಗೆ. ಯುರೋಪಿನಲ್ಲಿ ಡಿವಿಬಿ-ಎಚ್ ಅನ್ನುವ ಮಾನದಂಡ ಇತ್ತು, ಹಿಂದೆ ನೋಕಿಯಾ ನಿಂತಿತ್ತು. ಇಟಲಿಯಲ್ಲಿ 2006ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಸೇವೆ ಶುರುವಾಯಿತು. 2007ರಲ್ಲಿ ದೆಹಲಿಯಲ್ಲಿ ದೂರದರ್ಶನವೂ ಇದರ ಪ್ರಯೋಗ ಮಾಡಿತು. 2008ರಲ್ಲಿ ಯುರೋಪಿಯನ್ ಒಕ್ಕೂಟ ಇದನ್ನೇ ಬಳಸಿ ಅಂತ ಬೆಂಬಲ ಕೊಟ್ಟಿತು. ಇಷ್ಟೆಲ್ಲ ಆಗಿಯೂ 2012ರ ಹೊತ್ತಿಗೆ ನೋಕಿಯಾದ ತವರು ಫಿನ್‌ಲ್ಯಾಂಡ್‌ನಲ್ಲೇ ಅದು ಬಂದ್ ಆಯಿತು.

ಅಮೆರಿಕದಲ್ಲಿ ಕ್ವಾಲ್‌ಕಾಮ್ ಕಂಪನಿ ಮೀಡಿಯಾಫ್ಲೋ ಅಂತ ಬೇರೆ ದಾರಿ ಹಿಡಿಯಿತು. ಸ್ವಂತ ತರಂಗಾಂತರ, ಸ್ವಂತ ಟವರ್. 2007ರಲ್ಲಿ ಶುರು, 2011ರಲ್ಲಿ ಮುಚ್ಚಿತು. ಆ ತರಂಗಾಂತರವನ್ನು ಎಟಿ ಅಂಡ್ ಟಿ ಕಂಪನಿ 192.5 ಕೋಟಿ ಡಾಲರ್‌ಗೆ ಕೊಂಡಿತು. ಟೀವಿ ಓಡಿಸುವುದಕ್ಕಿಂತ ಆ ತರಂಗಾಂತರಕ್ಕೇ ಬೆಲೆ ಜಾಸ್ತಿ ಇತ್ತು ಅಂತಾಯಿತು.

ಇನ್ನು ಅಲ್ಲಿನ ಸ್ಥಳೀಯ ಟೀವಿ ಕೇಂದ್ರಗಳು. ಅವು 2007ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡು, ಇರುವ ಟವರ್‌ನಲ್ಲೇ ಮೊಬೈಲ್‌ಗೂ ಸಿಗ್ನಲ್ ಕಳಿಸುವ ವಿಧಾನ ಹುಡುಕಿದವು. 2009ರಲ್ಲಿ ಮಾನದಂಡ ಒಪ್ಪಿಗೆ ಆಯಿತು. ಎನ್‌ಎಬಿ ಶೋನಲ್ಲಿ ಪ್ರದರ್ಶನವೂ ನಡೆಯಿತು. 2012ರಲ್ಲಿ ಡೈಲ್ ಅನ್ನುವ ಹೆಸರಿನಲ್ಲಿ ಸೇವೆ ಬಂತು. ಅದಕ್ಕಾಗಿ ಸ್ಯಾಮ್‌ಸಂಗ್ ಒಂದು ಫೋನನ್ನೂ ತಂದಿತು, ಹಳೆಯ ರೇಡಿಯೊಗೆ ಇದ್ದ ಹಾಗೆ ಎಳೆಯುವ ಆಂಟೆನಾ ಅದಕ್ಕೆ. 2015ರ ಮೇ ತಿಂಗಳಲ್ಲಿ ಡೈಲ್ ಕೂಡ ನಿಂತಿತು.

ನಮ್ಮಲ್ಲೂ ಹಾಗೇ ಆಯಿತು. ದೂರದರ್ಶನ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಅನ್ನುವ ಡಿಜಿಟಲ್ ಟೀವಿ ಮಾನದಂಡದ ಮೂಲಕ ಟವರ್‌ನಿಂದ ಮೊಬೈಲ್‌ಗೆ ಟೀವಿ ಕೊಟ್ಟಿತು. ನೋಡಬೇಕು ಅಂದರೆ ಫೋನಿಗೆ ಡಾಂಗಲ್, ಅಂದರೆ ಸಿಗ್ನಲ್ ಹಿಡಿಯುವ ಚಿಕ್ಕ ಸಾಧನ, ಸಿಕ್ಕಿಸಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಆಮೇಲೆ ಡಾಂಗಲ್ ಯಾರು ಕೊಳ್ಳುತ್ತಾರೆ?

ಇವುಗಳಲ್ಲಿ ಯಾವುದೂ ತಂತ್ರಜ್ಞಾನ ಕೆಟ್ಟದ್ದಾಗಿ ಸೋಲಲಿಲ್ಲ. ಜನರ ಕೈಯಲ್ಲಿದ್ದ ಫೋನಿನಲ್ಲಿ ಅದನ್ನು ಹಿಡಿಯುವ ಚಿಪ್ ಇರಲಿಲ್ಲ, ಅದೇ ದೊಡ್ಡ ಕಾರಣ. ಜಪಾನ್‌ನ ಒನ್‌ಸೆಗ್ ನೋಡಿ. 2006ರ ಏಪ್ರಿಲ್‌ನಲ್ಲಿ ಶುರುವಾಯಿತು, ಚೆನ್ನಾಗಿ ಹರಡಿತು. ಅಲ್ಲಿ ಫೋನಿನಲ್ಲಿ ಏನಿರಬೇಕು ಅಂತ ಹೇಳುತ್ತಿದ್ದದ್ದು ಮೊಬೈಲ್ ಸೇವೆ ಕೊಡುವ ಕಂಪನಿಗಳೇ, ಅವು ಹಾಕಿಸಿದವು. ಹಾಗಾಗಿ ಯಾವ ಸ್ಟಾಲ್‌ನಲ್ಲಾದರೂ ಮೊದಲ ಪ್ರಶ್ನೆ ಇದೇ ಇರಲಿ: ನನ್ನ ವೀಕ್ಷಕರ ಹತ್ತಿರ ಈಗ ಇರುವ ಫೋನಿನಲ್ಲಿ ಇದು ನಡೆಯುತ್ತದಾ? "ಮುಂದೆ ಬರುವ ಫೋನ್‌ಗಳಲ್ಲಿ ಇರುತ್ತದೆ" ಅಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಕಾರ್ಡ್ ಮಾತ್ರ ಇಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನೇನು ಇರಬೇಕು

ಅಂಗಡಿಯಲ್ಲಿ ಸಿಗುವ ಅಗ್ಗದ ಆಂಡ್ರಾಯ್ಡ್ ಫೋನ್ ಒಂದು. ಎರಡು ಬೇರೆ ಬೇರೆ ಕಂಪನಿಯ ಸಿಮ್. ಪವರ್ ಬ್ಯಾಂಕ್. ಮುಖ್ಯವಾಗಿ ಒಂದು ಪೆನ್‌ಡ್ರೈವ್, ಅದರಲ್ಲಿ ನಿಮ್ಮದೇ ವಿಡಿಯೊ ತುಣುಕುಗಳು. ಸ್ಟಾಲ್‌ನವರು ತೋರಿಸುವ ತುಣುಕು ಅವರ ಯಂತ್ರಕ್ಕೆ ಹೊಂದುವಂತೆ ಆರಿಸಿದ್ದಾಗಿರುತ್ತದೆ. ನೀವು ಕಷ್ಟದ್ದನ್ನೇ ಒಯ್ಯಿರಿ: ಆರು ಕಿಟಕಿಗಳ ಚರ್ಚೆ, ರಾತ್ರಿ ಬೆಳಕಿನ ಯಕ್ಷಗಾನ, ಕೋಣಗಳು ಒಂದೇ ಉಸಿರಿಗೆ ಓಡುವ ಕಂಬಳ, ಗಾಳಿ ಗದ್ದಲದ ನಡುವೆ ಮಾತಾಡುವ ರೈತರ ಸಂದರ್ಶನ. ಎಕ್ಸ್‌ಪೋ ಪಾಸ್‌ಗೆ ಸುಮ್ಮನೆ ದುಡ್ಡು ಕೊಡಬೇಡಿ. ಎನ್‌ಎಬಿಯಂಥ ಕಡೆ ಸ್ಟಾಲ್ ಹಾಕಿದ ಕಂಪನಿಗಳು ತಮ್ಮ ಗಿರಾಕಿಗಳಿಗೆ ಕೋಡ್ ಕೊಡುತ್ತವೆ, ಅದರಲ್ಲಿ ಪ್ರದರ್ಶನ ನೋಡಲು ಉಚಿತವಾಗಿ ಹೋಗಬಹುದು. ನಿಮಗೆ ಎನ್‌ಕೋಡರ್ (ವಿಡಿಯೊವನ್ನು ಕಳಿಸಲು ಸಿದ್ಧ ಮಾಡುವ ಯಂತ್ರ) ಮಾರಿದವರನ್ನು ಕೇಳಿ ನೋಡಿ.

ಸ್ಟಾಲ್‌ನಲ್ಲಿ ಪರೀಕ್ಷೆ ಮಾಡುವುದು

ಮೊದಲು ತಡ ಎಷ್ಟು ಅಂತ ಅಳೆಯಿರಿ. ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದನ್ನು ಅವರ ಕ್ಯಾಮೆರಾ ಮುಂದೆ ಹಿಡಿಯಿರಿ. ಅದೇ ಲೈವ್ ಅನ್ನು ನಿಮ್ಮ ಅಗ್ಗದ ಫೋನಿನಲ್ಲಿ ನಿಮ್ಮ ಸಿಮ್‌ನ ಡೇಟಾದಲ್ಲಿ ತೆರೆಯಿರಿ, ಅವರ ವೈಫೈ ಬೇಡ. ಎರಡು ಪರದೆಯೂ ಬರುವ ಹಾಗೆ ಒಂದು ಫೋಟೊ ತೆಗೆಯಿರಿ. ಎರಡು ಸಮಯಗಳ ವ್ಯತ್ಯಾಸವೇ ನಿಜವಾದ ತಡ. ಇಂಟರ್ನೆಟ್‌ನಲ್ಲಿ ವಿಡಿಯೊ ಕಳಿಸುವ ಮಾಮೂಲಿ ವಿಧಾನವಾದ ಎಚ್‌ಎಲ್‌ಎಸ್ ಸ್ಟ್ರೀಮಿಂಗ್‌ನಲ್ಲಿ ವಿಡಿಯೊ ಆರು ಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ, ಪ್ಲೇಯರ್ ಮೂರು ತುಂಡು ಹಿಂದೆ ಇರುತ್ತದೆ, ಅಂದರೆ ಅಲ್ಲಿಗೇ 18 ಸೆಕೆಂಡ್ ಹೋಯಿತು. ಪಕ್ಕದ ಮನೆಯ ಡಿಶ್ ಟೀವಿಯಲ್ಲಿ ವಿಕೆಟ್ ಬಿದ್ದು ಕೂಗು ಕೇಳಿಸಿ ಎಷ್ಟೋ ಹೊತ್ತಾದ ಮೇಲೆ ನಮ್ಮ ಫೋನಿನಲ್ಲಿ ಬೌಲರ್ ಓಡಲು ಶುರು ಮಾಡುವುದು ಇದರಿಂದಲೇ. ತಡ ಕಡಿಮೆ ಮಾಡುವ ವಿಧಾನಗಳು ಈಗ ಇವೆ. ಆದರೆ ತಡ ಕಡಿಮೆ ಮಾಡಿದಷ್ಟೂ ದುರ್ಬಲ ನೆಟ್‌ವರ್ಕ್‌ನಲ್ಲಿ ವಿಡಿಯೊ ನಿಂತು ನಿಂತು ಹೋಗುವುದು ಹೆಚ್ಚು. ಚುನಾವಣೆ ಫಲಿತಾಂಶಕ್ಕೆ, ಕ್ರಿಕೆಟ್‌ಗೆ ತಡ ಮುಖ್ಯ. ಸಂಜೆಯ ಹರಟೆ ಕಾರ್ಯಕ್ರಮಕ್ಕೆ ಹತ್ತಿಪ್ಪತ್ತು ಸೆಕೆಂಡ್ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಆಮೇಲೆ ಕನ್ನಡ. ಇದನ್ನು ಬಿಟ್ಟು ಬರಬೇಡಿ, ಯಾಕೆಂದರೆ ನಿಮ್ಮ ಬದಲು ಅಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಗ್ರಾಫಿಕ್ಸ್ ಯಂತ್ರಕ್ಕೆ ಯೂನಿಕೋಡ್ ಕನ್ನಡ ನೇರವಾಗಿ ಅಂಟಿಸಿ ನೋಡಿ. "ರಾಷ್ಟ್ರೀಯ", "ಸ್ವಾತಂತ್ರ್ಯ", "ಕರ್ನಾಟಕ" ಸಾಕು. ಒತ್ತಕ್ಷರ ಕೆಳಗೆ ಸರಿಯಾಗಿ ಕೂರುತ್ತದಾ, ಅರ್ಕಾವತ್ತು ಜಾಗ ತಪ್ಪುತ್ತದಾ? ನಂತರ ಆ ಪದಗಳನ್ನೇ ಸ್ಕ್ರೋಲ್ ಆಗಿ, ಅಂದರೆ ಪರದೆಯ ಕೆಳಗೆ ಓಡುವ ಸಾಲಾಗಿ, ಕಡಿಮೆ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಕಡಿಮೆ ಡೇಟಾದಲ್ಲಿ) ಫೋನಿಗೆ ಕಳಿಸಲು ಹೇಳಿ. ಇಂಗ್ಲಿಷ್ ಅಕ್ಷರ ಚಿಕ್ಕದಾದರೂ ಓದಬಹುದು. ನಮ್ಮ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ ಕಪ್ಪು ಮುದ್ದೆ ಆಗಿಬಿಡುತ್ತದೆ. ಟೀವಿಯ ಮೂರು ಸಾಲಿನ ಸ್ಕ್ರೋಲ್ ಫೋನಿಗೆ ಆಗುವುದಿಲ್ಲ, ಒಂದೇ ಸಾಲು, ದೊಡ್ಡ ಅಕ್ಷರ. ಮೊಬೈಲ್‌ಗೆ ಬೇರೆ ಗ್ರಾಫಿಕ್ಸ್, ಟೀವಿಗೆ ಬೇರೆ, ಎರಡನ್ನೂ ಒಂದೇ ಯಂತ್ರ ಒಟ್ಟಿಗೆ ಕೊಡುತ್ತದಾ ಅಂತ ಕೇಳಿ.

ತಾನಾಗಿಯೇ ಸಬ್‌ಟೈಟಲ್ ಹಾಕುವ ಸಾಫ್ಟ್‌ವೇರ್ ತೋರಿಸಿದರೆ ವಾರ್ತಾವಾಚಕರ ದನಿ ಕೊಡಬೇಡಿ. ಧಾರವಾಡದ ಮಾತು, ಕುಂದಾಪುರದ ಮಾತು ಕೊಡಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಎಷ್ಟೋ ಜನ ದನಿ ಬಂದ್ ಮಾಡಿಕೊಂಡೇ ವಿಡಿಯೊ ನೋಡುತ್ತಾರೆ, ಅವರಿಗೆ ಈ ಅಕ್ಷರಗಳೇ ಸುದ್ದಿ. ತಪ್ಪು ಬಂದರೆ ಮರ್ಯಾದೆ ಹೋಗುವುದು ಸಾಫ್ಟ್‌ವೇರ್‌ನದ್ದಲ್ಲ, ಚಾನೆಲ್‌ನದ್ದು.

ಅಡ್ಡ ವಿಡಿಯೊವನ್ನು ಉದ್ದಕ್ಕೆ ಕತ್ತರಿಸುವ ಯಂತ್ರಗಳಿಗೆ ಕಂಬಳದ ತುಣುಕು ಕೊಡಿ. 16:9 ಚಿತ್ರದಿಂದ ಪೂರ್ತಿ ಎತ್ತರದ 9:16 ತುಂಡು ತೆಗೆದರೆ ಮೂಲ ಚಿತ್ರದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಉಳಿಯುತ್ತದೆ. ಕೋಣ ಉಳಿಯುತ್ತದಾ, ಓಡಿಸುವವರು ಉಳಿಯುತ್ತಾರಾ ನೋಡಿ. ಸ್ಟುಡಿಯೊ ಓದು, ಒಬ್ಬರ ಸಂದರ್ಶನ ಆದರೆ ಇವು ಚೆನ್ನಾಗಿಯೇ ಕತ್ತರಿಸುತ್ತವೆ. ಓಟ, ಕುಣಿತ, ಗುಂಪು ಇದ್ದಲ್ಲಿ ಕ್ಯಾಮೆರಾಮನ್‌ಗೆ ಮೊದಲೇ ಹೇಳಿ ಉದ್ದಕ್ಕೆ ಬೇರೆ ಶೂಟ್ ಮಾಡಿಸುವುದೇ ವಾಸಿ.

ನಾಲ್ಕಾರು ಸಿಮ್ ಒಟ್ಟಿಗೆ ಬಳಸಿ ಲೈವ್ ಕಳಿಸುವ ಬ್ಯಾಗ್‌ಗಳು ಲೈವ್‌ಯು, ಟಿವಿಯು ಥರದ ಕಂಪನಿಗಳಲ್ಲಿ ಸಿಗುತ್ತವೆ. ಎರಡು ಸಿಮ್ ಕಿತ್ತು ಹಾಕಿ, ಚಿತ್ರ ಏನಾಗುತ್ತದೆ ಅಂತ ಕಣ್ಣಾರೆ ನೋಡಿ. ಬಾಡಿಗೆಗೆ ಸಿಗುತ್ತದಾ ಕೇಳಿ, ಚಿಕ್ಕ ಚಾನೆಲ್‌ಗೆ ಕೊಳ್ಳುವುದಕ್ಕಿಂತ ಅದೇ ಸರಿ. ಅದೂ ಬೇಡ ಅಂದರೆ ಎಸ್‌ಆರ್‌ಟಿ ಇದೆ, ಮಾಮೂಲಿ ಇಂಟರ್ನೆಟ್‌ನಲ್ಲೇ ಲೈವ್ ವಿಡಿಯೊ ಒಡೆಯದಂತೆ ಕಳಿಸುವ ವಿಧಾನ ಅದು. ಹೈವಿಷನ್ ಕಂಪನಿ 2017ರಲ್ಲಿ ಇದನ್ನು ಎಲ್ಲರಿಗೂ ಮುಕ್ತ ಮಾಡಿತು. ಎಸ್‌ಆರ್‌ಟಿ ಬಳಸುವ ಉಚಿತ ಆ್ಯಪ್‌ಗಳೂ ಇವೆ, ನಿಮ್ಮ ವರದಿಗಾರರ ಫೋನಿನಲ್ಲೇ ಹಾಕಿ ಪ್ರಯೋಗ ಮಾಡಬಹುದು.

ಖರ್ಚಿನ ಲೆಕ್ಕ ಅಲ್ಲೇ ಹಾಕಿ

ಟವರ್‌ನಿಂದ ಹತ್ತು ಜನ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಖರ್ಚು ಒಂದೇ. ಸ್ವಂತ ಆ್ಯಪ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಒಬ್ಬರು ಒಂದು ಗಂಟೆ ನೋಡಿದರೆ 450 ಎಂಬಿ. ಹತ್ತು ಸಾವಿರ ಜನ ಅಂದರೆ 4,500 ಜಿಬಿ. ಸ್ಟಾಲ್‌ನವರ ಒಂದು ಜಿಬಿ ದರವನ್ನು ಇದಕ್ಕೆ ಗುಣಿಸಿ, ಆ ಒಂದು ಗಂಟೆಗೆ ನಿಮಗೆ ಸಿಗುವ ಜಾಹೀರಾತಿನ ದುಡ್ಡಿನ ಪಕ್ಕದಲ್ಲಿ ಬರೆಯಿರಿ. ಎಷ್ಟೋ ಚಾನೆಲ್‌ಗಳಿಗೆ ಸ್ವಂತ ಆ್ಯಪ್ ಬೇಡ, ಯೂಟ್ಯೂಬೇ ಸಾಕು ಅನ್ನುವುದು ಇಲ್ಲಿಯೇ ಗೊತ್ತಾಗುತ್ತದೆ. ಮಾಸಿಕ ಬಾಡಿಗೆ, ಸಾಫ್ಟ್‌ವೇರ್ ನವೀಕರಣದ ಶುಲ್ಕ, ಕೆಟ್ಟರೆ ರಿಪೇರಿ ಎಲ್ಲಿ ಅನ್ನುವುದನ್ನೂ ಬರೆಸಿಕೊಳ್ಳಿ. ಬಾಯಿ ಮಾತು ಬೇಡ.

ಡಿ2ಎಂ ಸ್ಟಾಲ್ ಸಿಕ್ಕರೆ

ಮುಂಬೈ, ದೆಹಲಿ ಎಕ್ಸ್‌ಪೋಗಳಿಗೆ ಹೋಗುವವರು ಡಿ2ಎಂ, ಅಂದರೆ ಡೈರೆಕ್ಟ್-ಟು-ಮೊಬೈಲ್, ಅನ್ನುವ ಹೆಸರು ಕೇಳಿಯೇ ಇರುತ್ತೀರಿ. ಇಂಟರ್ನೆಟ್ ಇಲ್ಲದೆ, ಸಿಮ್ ಇಲ್ಲದೆ ಟವರ್‌ನಿಂದ ನೇರವಾಗಿ ಫೋನಿಗೆ ವಿಡಿಯೊ. ಇದರ ಹಿಂದೆ ಐಐಟಿ ಕಾನ್ಪುರ, ಪ್ರಸಾರ ಭಾರತಿ ಜೊತೆಗೆ ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ (ಈಗ ತೇಜಸ್ ನೆಟ್‌ವರ್ಕ್ಸ್‌ನಲ್ಲಿ ಸೇರಿದೆ) ಕೂಡ ಇದೆ, ಚಿಪ್ ಮಾಡಿದವರು ಅವರೇ. 2024ರ ಜನವರಿಯಲ್ಲಿ 19 ನಗರಗಳಲ್ಲಿ ಪ್ರಯೋಗ ಮಾಡುವುದಾಗಿ ಕೇಂದ್ರ ಸರ್ಕಾರ ಹೇಳಿತು. ನನಗೆ ಈ ಕೆಲಸದ ಬಗ್ಗೆ ನಿಜಕ್ಕೂ ಅಭಿಮಾನ ಇದೆ. ನೆರೆ ಬಂದು ಮೊಬೈಲ್ ನೆಟ್‌ವರ್ಕ್ ಬಿದ್ದಾಗ ಇಡೀ ಜಿಲ್ಲೆಗೆ ಒಂದೇ ಸಲ ಎಚ್ಚರಿಕೆ ಕಳಿಸುವ ದಾರಿ ಇದ್ದರೆ ಎಷ್ಟು ಒಳ್ಳೆಯದು ಅಲ್ವಾ? ಆದರೂ ಹಳೆಯ ಪ್ರಶ್ನೆಯನ್ನೇ ಇವರಿಗೂ ಕೇಳಬೇಕು: ಚಿಪ್ ಇರುವ ಫೋನ್ ಎಷ್ಟು ಜನರ ಕೈಯಲ್ಲಿದೆ? ಆಂಟೆನಾ ಬಗ್ಗೆಯೂ ಕೇಳಿ. ಇದಕ್ಕೆ ಯೋಚಿಸಿರುವುದು 526ರಿಂದ 582 ಮೆಗಾಹರ್ಟ್ಸ್ ತರಂಗಾಂತರ. ಆಂಟೆನಾ ಸಾಮಾನ್ಯವಾಗಿ ತರಂಗದ ಉದ್ದದ ಕಾಲುಭಾಗದಷ್ಟು ಇರಬೇಕು, ಇಲ್ಲಿ ಅದು ಸುಮಾರು ಹದಿಮೂರೂವರೆ ಸೆಂಟಿಮೀಟರ್, ಹೆಚ್ಚುಕಡಿಮೆ ಫೋನಿನಷ್ಟೇ ಉದ್ದ. ಮನೆಯೊಳಗೆ, ಬಸ್ಸಿನೊಳಗೆ ಹೇಗೆ ಹಿಡಿಯುತ್ತದೆ ಅಂತ ತೋರಿಸಲು ಹೇಳಿ, ಸಾಧ್ಯವಾದರೆ ಫೋನ್ ಹಿಡಿದು ಹಾಲ್‌ನ ಇನ್ನೊಂದು ತುದಿಯವರೆಗೆ ನಡೆದು ಬನ್ನಿ.

ವಾಪಸ್ ಬಂದ ಮೇಲೆ

ಬಿಸಿ ಆರುವ ಮುಂಚೆ, ಅದೇ ವಾರ, ಎರಡೋ ಮೂರೋ ಕಂಪನಿಗಳಿಗೆ ಮೇಲ್ ಬರೆಯಿರಿ. ಎರಡು ವಾರ ನಮ್ಮ ಊರಿನಲ್ಲಿ, ನಮ್ಮ ನೆಟ್‌ವರ್ಕ್‌ನಲ್ಲಿ ಓಡಿಸಿ ನೋಡಲು ಯಂತ್ರ ಕೊಡಿ ಅಂತ ಕೇಳಿ. ಎಕ್ಸ್‌ಪೋ ಮುಗಿದ ಕೂಡಲೇ ಕೇಳಿದರೆ ಒಪ್ಪುವವರು ಜಾಸ್ತಿ. ಎಲ್ಲ ಕಾರ್ಯಕ್ರಮಕ್ಕೂ ಒಮ್ಮೆಲೇ ಹಾಕಬೇಡಿ, ಒಂದೇ ಬುಲೆಟಿನ್ ಆರಿಸಿ. ಹೋಗುವ ಮುಂಚೆ ಬರೆದಿಟ್ಟ ಆ ಸಾಲನ್ನು ಮತ್ತೆ ಓದಿ, ಆ ತೊಂದರೆ ಕಡಿಮೆಯಾಯಿತಾ ಅಂತ ಈಗಿನ ಅನಾಲಿಟಿಕ್ಸ್ ಅನ್ನು ಎರಡು ವಾರದ ಹಿಂದಿನದರ ಜೊತೆ ಹೋಲಿಸಿ. ಯಂತ್ರ ನಡೆಸುವ ಹುಡುಗ ಹುಡುಗಿಯರನ್ನೂ ಕೇಳಿ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ಇದನ್ನು ಸಂಭಾಳಿಸಲು ಆಗುತ್ತದಾ ಅಂತ. ಆಗುವುದಿಲ್ಲ ಅಂದರೆ ಯಂತ್ರ ವಾಪಸ್ ಕಳಿಸಿ, ಪಟ್ಟಿಯಲ್ಲಿರುವ ಎರಡನೇ ಕಂಪನಿಗೆ ಫೋನ್ ಮಾಡಿ.