ಪೇರಲ ವಿನೆಗರ್: ಎರಡನೇ ಹುಳಿಗೆ ಗಾಳಿ ಬೇಕು

ಹುಬ್ಬಳ್ಳಿ-ಧಾರವಾಡ ರಸ್ತೆಯ ಬದಿಗೆ ನವಲೂರು ಪೇರಲದ ಬುಟ್ಟಿ ಬಂದು ಕೂತವೆಂದರೆ ನಮ್ಮ ಓಣಿಯಲ್ಲಿ ಎರಡು ಮೂರು ಮನೆಯವರಾದರೂ ವಿನೆಗರ್ ಹಾಕುತ್ತಾರೆ. ಅದರಲ್ಲಿ ಒಬ್ಬರಾದರೂ ತಿಂಗಳೊಳಗೆ ಬಚ್ಚಲಿಗೆ ಸುರಿಯುತ್ತಾರೆ. ಹಾಗೆ ಸುರಿದವರನ್ನೆಲ್ಲ ವಿಚಾರಿಸಿದ್ದೇನೆ. ಬಹುತೇಕ ಎಲ್ಲರೂ ಒಂದೇ ಕಡೆ ಎಡವಿದ್ದಾರೆ: ರಸ ಸೋಸಿದ ಮೇಲೆ ಬಾಟಲಿಗೆ ಹಾಕಿ ಬಿರಡೆ ಬಿಗಿದಿದ್ದಾರೆ.

ಆ್ಯಪಲ್ ಸೈಡರ್ ವಿನೆಗರ್ ಆಗುವ ಬಗೆಯೇ ಇದಕ್ಕೂ. ಮೊದಲು ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಆಮೇಲೆ ಬೇರೊಂದು ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಯೀಸ್ಟ್ ಗಾಳಿ ಇಲ್ಲದೆಯೂ ದುಡಿಯುತ್ತದೆ. ಎರಡನೆಯದಕ್ಕೆ ಗಾಳಿ ಇಲ್ಲದಿದ್ದರೆ ಕೆಲಸವೇ ಇಲ್ಲ.

ಬೇಕಾದದ್ದು ಇಷ್ಟು: ಚೆನ್ನಾಗಿ ಕಳಿತ ಪೇರಲ 1 ಕೆ.ಜಿ., ಕುದಿಸಿ ಆರಿಸಿದ ನೀರು ಒಂದೂವರೆ ಲೀಟರ್, ಸಕ್ಕರೆ 150 ಗ್ರಾಂ, ಬೇಕರಿಯವರು ಬಳಸುವ ಡ್ರೈ ಯೀಸ್ಟ್ ಕಾಲು ಚಮಚ. ಮಳೆಗಾಲದ ಹಣ್ಣು ನೀರು ನೀರು, ಚಳಿಗಾಲದ್ದೇ ತಗೊಳ್ಳಿ. ನಲ್ಲಿ ನೀರನ್ನು ಹಾಗೇ ಹಾಕಬೇಡಿ, ಅದರ ಕ್ಲೋರಿನ್ ಯೀಸ್ಟಿಗೆ ಆಗಿಬರುವುದಿಲ್ಲ. ಬೆಲ್ಲ ಹಾಕಬಹುದೇ ಎಂದು ಕೇಳುತ್ತಾರೆ. ನಾನು ಹಾಕುವುದಿಲ್ಲ. ಹಾಕಲೇಬೇಕೆಂದರೆ ಕಪ್ಪು ಬೆಲ್ಲ ಹಾಕಿ. ಹೊಳಪಿನ ಹಳದಿ ಬೆಲ್ಲಕ್ಕೆ ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸಿರುವುದುಂಟು, ಅದು ಹುಳಿ ಬರುವುದನ್ನೇ ತಡೆಯಬಹುದು.

ಹಣ್ಣು ತೊಳೆದು, ಸಣ್ಣಗೆ ಹೆಚ್ಚಿ, ಎಲ್ಲ ಕೂಡಿಸಿ ಗಾಜಿನ ಭರಣಿಗೆ ಹಾಕಿ, ಅರಿವೆ ಕಟ್ಟಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಬೇಡ. ದಿನಕ್ಕೆ ಎರಡು ಸಲ ಕಟ್ಟಿಗೆಯ ಸೌಟಿನಿಂದ ಕಲಕಿ, ತೇಲಿದ ಹೋಳನ್ನು ಒಳಗೆ ಒತ್ತಿ. ಎಂಟು ಹತ್ತು ದಿನಕ್ಕೆ ಗುಳ್ಳೆ ನಿಲ್ಲುತ್ತದೆ. ಸೋಸಿ. ಇದು ಕುಡಿಯುವ ಪಾನಕವಲ್ಲ, ಇಲ್ಲಿಗೆ ನಿಲ್ಲಿಸಬೇಡಿ.

ಈಗ ಕಷ್ಟದ ಕೆಲಸ. ಸೋಸಿದ ರಸವನ್ನು ಬಾಯಿ ಅಗಲವಿರುವ ಭರಣಿಗೆ, ಮುಕ್ಕಾಲಿಗಿಂತ ಕಡಿಮೆ ತುಂಬಿ. ರಸದ ಮೇಲ್ಮೈ ಅಗಲವಾದಷ್ಟೂ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಗುತ್ತದೆ. ನಾಲ್ಕು ಲೋಟ ರಸಕ್ಕೆ ಒಂದು ಲೋಟ ಜೀವಂತ ವಿನೆಗರ್ ಹೆಪ್ಪು ಹಾಕಿ. ಅದರ ಹುಳಿಯೇ ಮೊದಲ ವಾರ ಬೂಸ್ಟನ್ನು ದೂರ ಇಡುತ್ತದೆ. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಹಾಕಿ ಕಾದು ಕೂತವರನ್ನು ಕಂಡಿದ್ದೇನೆ. ಅದು ನೀರಿಗೆ ಬೆರೆಸಿದ ಅಸಿಟಿಕ್ ಆಮ್ಲ, ಅದರಲ್ಲಿ ಜೀವ ಎಲ್ಲಿಂದ ಬರಬೇಕು? ತಳದಲ್ಲಿ ಗಸಿ ಇರುವ, ಕಾಯಿಸದ ಸೈಡರ್ ವಿನೆಗರನ್ನೇ ಕೊಳ್ಳಿ.

ಬಾಯಿಗೆ ದಟ್ಟ ನೇಯ್ಗೆಯ ಅರಿವೆ ಎರಡು ಮಡಿಕೆ ಮಾಡಿ ದಾರದಿಂದ ಬಿಗಿಯಿರಿ. ಸಡಿಲಾದರೆ ಹಣ್ಣಿನ ನೊಣ ಒಳಹೊಕ್ಕು ಮೊಟ್ಟೆ ಇಡುತ್ತದೆ. ಬಿಸಿಲು ಬೀಳದ, 25ರಿಂದ 30 ಡಿಗ್ರಿಯ ಮೂಲೆಯಲ್ಲಿಟ್ಟು ಅಲ್ಲಾಡಿಸದೆ ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗಿಂತ ಮೊದಲೇ ಮುಗಿಸುವುದು ಒಳ್ಳೆಯದು. ಮೊದಲ ಹಂತದಲ್ಲಿ ಕಲಕಿದ ಚಟಕ್ಕೆ ಇಲ್ಲೂ ಸೌಟು ಹಾಕುತ್ತಾರೆ. ಬೇಡ. ಮೇಲೆ ಕಟ್ಟುವ ಕೆನೆ ಮುಳುಗಿದರೆ ಮತ್ತೆ ಹೊಸದು ಕಟ್ಟಬೇಕು, ಅಷ್ಟು ದಿನ ಹಿಂದೆ ಬಿದ್ದಿರಿ.

ಆ ಕೆನೆಯನ್ನು ನೋಡಿಯೇ ಹೆಚ್ಚಿನವರು ಹೆದರುವುದು. ನುಣುಪಾಗಿ, ಅರೆಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿದ್ದರೆ ಅದೇ ‘ಮದರ್’, ಅಂದರೆ ಹುಳಿ ಮಾಡುವ ಆ ಬ್ಯಾಕ್ಟೀರಿಯಾ ಕಟ್ಟಿದ ಪದರ, ಸಂತೋಷಪಡಿ. ಬೆಳ್ಳಗೆ, ಸುಕ್ಕುಸುಕ್ಕಾಗಿ, ಹಿಟ್ಟು ಉದುರಿಸಿದಂತಿದ್ದರೆ ಅದೊಂದು ಕಾಡು ಯೀಸ್ಟ್, ಚಮಚದಿಂದ ತೆಗೆದು ಮುಂದುವರಿಯಿರಿ. ಹಸಿರು, ಕಪ್ಪು ಅಥವಾ ಬಿಳಿ, ಬಣ್ಣ ಯಾವುದೇ ಇರಲಿ, ಕೂದಲು ಕೂದಲಾಗಿ ಎದ್ದಿದ್ದರೆ ಬೂಸ್ಟು. ಮೇಲಿನದಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ.

ಮೂರನೇ ವಾರದ ಹೊತ್ತಿಗೆ ಪಕ್ಕದ ಮನೆಯ ವೈನಿ ಬಾಗಿಲಿಗೆ ಬಂದಿದ್ದರು: ‘ಅಕ್ಕಾರ, ನೇಲ್ ಪಾಲಿಶ್ ವಾಸನಿ ಬರಾಕತ್ತೇತ್ರಿ, ಚೆಲ್ಲಿಬಿಡ್ಲೇನ್ರಿ?’ ಚೆಲ್ಲಬೇಡಿ ಎಂದೆ. ಆಲ್ಕೋಹಾಲೂ ಆಮ್ಲವೂ ಕೂಡಿದಾಗ ಆಗುವ ಈಥೈಲ್ ಅಸಿಟೇಟ್ ವಾಸನೆ ಅದು. ನಡುದಾರಿಯಲ್ಲಿ ಬಂದು, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಅವರ ಭರಣಿಯ ಅರಿವೆಯ ಮೇಲೊಂದು ತಾಟು ಮುಚ್ಚಿತ್ತು, ಅದನ್ನು ತೆಗೆಸಿದೆ. ಎರಡು ವಾರದಲ್ಲಿ ವಾಸನೆ ಇರಲಿಲ್ಲ.

ಆರರಿಂದ ಎಂಟು ವಾರಕ್ಕೆ ಮೂಗಿಗೆ ಹತ್ತುವ ಹುಳಿ ಬಂದು, ಆಲ್ಕೋಹಾಲಿನ ವಾಸನೆ ಉಳಿದಿಲ್ಲವೆಂದರೆ ಆಯಿತು. ಆಮೇಲೂ ತೆರೆದಿಟ್ಟರೆ ಅದೇ ಬ್ಯಾಕ್ಟೀರಿಯಾ ಮಾಡಿದ ಆಮ್ಲವನ್ನೇ ತಿಂದು ನೀರು ಮಾಡುತ್ತದೆ. ಸೋಸಿ, ಬಾಟಲಿಗೆ ಕುತ್ತಿಗೆಮಟ್ಟ ತುಂಬಿ, ಬಿರಡೆಯನ್ನು ಈಗ ಬಿಗಿಯಿರಿ.

ಮಾರುವ ವಿನೆಗರಿನಲ್ಲಿ ಕನಿಷ್ಠ ಶೇ 3.75 ಅಸಿಟಿಕ್ ಆಮ್ಲ ಇರಬೇಕೆಂಬ ನಿಯಮವಿದೆ. ಮನೆಯದ್ದರಲ್ಲಿ ಎಷ್ಟಿದೆಯೆಂದು ನಾಲಿಗೆಗೆ ತಿಳಿಯದು, ಆದ್ದರಿಂದ ವರ್ಷ ಇಡುವ ಉಪ್ಪಿನಕಾಯಿಗೆ ಇದನ್ನು ನಂಬಬೇಡಿ. ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು ಹಚ್ಚಿ, ಎರಡು ಚಮಚ ಇದನ್ನು ಹಾಕಿ, ಕಾಲು ತಾಸು ಬಿಟ್ಟು ಖಡಕ್ ರೊಟ್ಟಿ ಜೊತೆ ತಿನ್ನಿ. ಕೆನೆ ಸಮೇತ ಒಂದು ಲೋಟ ಬೇರೆ ತೆಗೆದಿಡಿ, ಮುಂದಿನ ಭರಣಿಗೆ ಹೆಪ್ಪು ಕೊಳ್ಳುವ ಖರ್ಚು ಇರುವುದಿಲ್ಲ.