ಖಾನಾವಳಿಯಲ್ಲಿ ಪಚಡಿಗೆ ರೇಟು ಕಟ್ಟುವ ಲೆಕ್ಕ

ಮಿರ್ಚಿ ಭಜಿಗಿಂತ ಒಂದು ಬಟ್ಟಲು ಮೆಂತ್ಯ ಪಚಡಿ (ಹಸಿ ಸೊಪ್ಪಿನ ಕೋಸಂಬರಿ) ತುಟ್ಟಿ ಯಾಕೆ ಎಂದು ಗಿರಾಕಿ ಕೇಳಿದರೆ ವಿಜಯಪುರದ ಎಷ್ಟೋ ಖಾನಾವಳಿಗಳಲ್ಲಿ ಗಲ್ಲೆಯ ಮೇಲಿದ್ದವರು ಸುಮ್ಮನಾಗುತ್ತಾರೆ. ಪೇಟೆಯ ರೇಟು ಅವರಿಗೆ ಗೊತ್ತು, ಆದರೆ ದುಡ್ಡು ಸೋರುವುದು ಪೇಟೆಯಲ್ಲಲ್ಲ, ಅಡುಗೆಮನೆಯಲ್ಲಿ.

ಮೊದಲು ತಕ್ಕಡಿ ಹಿಡಿಯಿರಿ. ಒಂದು ವಾರ ದಿನಕ್ಕೆ ಮೂರು ಸಲ ತೂಗಿ: ತಂದ ತಪ್ಪಲ (ಸೊಪ್ಪು), ಸೋಸಿದ ತಪ್ಪಲ, ರಾತ್ರಿ ಉಳಿದದ್ದು. ಮೆಂತ್ಯ ಕೆಜಿಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಬೇರು, ದಂಟು, ಹಳದಿ ಎಲೆ ತೆಗೆದರೆ ಅರ್ಧ ಉಳಿಯುತ್ತದೆ, ಅಂದರೆ ಕೆಜಿಗೆ 120 ಬಿತ್ತು. ಅದರಲ್ಲಿ ಐದನೇ ಒಂದು ಪಾಲು ರಾತ್ರಿ ಬಾಡಿ ಬುಟ್ಟಿಗೆ ಹೋದರೆ 150. ನೂರು ಗ್ರಾಂ ಬಟ್ಟಲಿಗೆ ಬರೀ ತಪ್ಪಲದ್ದೇ 15 ರೂಪಾಯಿ, ಸೋಸುವವರ ಕೂಲಿ ಬೇರೆ. ಇದಕ್ಕೆ ಹೋಲಿಸಿದರೆ, ಕೆಜಿಗೆ 30 ರೂಪಾಯಿಯ ಬಟಾಟೆಯಲ್ಲಿ ಸಿಪ್ಪೆಗೆ ಹತ್ತನೇ ಒಂದು ಪಾಲು ಹೋದರೂ 33ಕ್ಕೆ ನಿಲ್ಲುತ್ತದೆ, ವಾರಗಟ್ಟಲೆ ಕೆಡುವುದೂ ಇಲ್ಲ.

ಹೊಟ್ಟೆ ತುಂಬಿಸುವ ಲೆಕ್ಕದಲ್ಲಂತೂ ಎಣ್ಣೆಗೆ ಎದುರಿಲ್ಲ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ. ತಾಳೆ ಎಣ್ಣೆ ಲೀಟರಿಗೆ 130 ಎಂದು ಹಿಡಿದರೂ ನೂರು ಕ್ಯಾಲರಿಗೆ ಎರಡು ರೂಪಾಯಿ ಆಗುವುದಿಲ್ಲ. ಅಷ್ಟೇ ಕ್ಯಾಲರಿಗೆ ಸೋಸಿದ ಮೆಂತ್ಯ ಕನಿಷ್ಠ 200 ಗ್ರಾಂ ಬೇಕು, 24 ರೂಪಾಯಿ. ಕರಿದದ್ದು ಅಗ್ಗವಾಗಲು ಇನ್ನೊಂದು ಕಾರಣ, ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಕಾದಷ್ಟೂ ಹೆಚ್ಚುವ ಕೆಟ್ಟ ಅಂಶ) ಶೇ 25 ಮೀರಿದರೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಕಪ್ಪಾಗಿ, ನೊರೆ ಎದ್ದು, ಬೇಗ ಹೊಗೆಯಾಡುವ ಎಣ್ಣೆಯನ್ನು ಮೀಟರ್ ಇಲ್ಲದಿದ್ದರೂ ಚೆಲ್ಲಿಬಿಡಿ.

ಇನ್ನು ರೊಟ್ಟಿ. ಮೊಳಕೆಯ ಭಾಗ ತೆಗೆದ ಮೈದಾ ತಿಂಗಳುಗಟ್ಟಲೆ ಇರುತ್ತದೆ. ಜೋಳದ ಹಿಟ್ಟಿನಲ್ಲಿ ಆ ಭಾಗದ ಎಣ್ಣೆಯೂ ಇರುವುದರಿಂದ ಬೇಗ ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಜಿಗಿ ಹೋದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಆದ್ದರಿಂದ ಕಾಳು ಕೂಡಿಡಿ, ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಗೋದಿ ಹಿಟ್ಟನ್ನು ಹಿಡಿದಿಡುವ ಗ್ಲುಟನ್ ಜೋಳದಲ್ಲಿ ಇಲ್ಲ, ಬೆಳಗ್ಗೆ ನಾದಿಟ್ಟು ಮಧ್ಯಾಹ್ನ ಬಡಿಯಲಾಗದು. ಕುದಿಯುವ ಎಸರು ಹಾಕಿ, ಎಂಟು ಹತ್ತು ರೊಟ್ಟಿಗಾಗುವಷ್ಟೇ ನಾದಿ. ಕೆಜಿಗೆ 12–13 ರೊಟ್ಟಿ, ಹಿಟ್ಟು 50 ರೂಪಾಯಿ ಆದರೆ ಒಂದಕ್ಕೆ 4. ಬಡಿಯುವವರ ಕೂಲಿ 500, ಅವರ ಕೈಯಲ್ಲಿ 200 ರೊಟ್ಟಿ ಆದರೆ ಇನ್ನೂ ಎರಡೂವರೆ. ಗಿರಾಕಿ ಕಡಿಮೆ ಇರುವ ದಿನ 80ಕ್ಕೇ ನಿಂತರೆ ಅದೇ ಕೂಲಿ 6 ರೂಪಾಯಿ ದಾಟುತ್ತದೆ! ನಷ್ಟ ಹುಟ್ಟುವುದು ಇಲ್ಲಿ. ಬಿಡುವಿದ್ದಾಗ ತೆಳ್ಳಗೆ ಬಡಿದು ಖಡಕ್ ರೊಟ್ಟಿ ಮಾಡಿಸಿಡಿ. ಪೂರ್ತಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ನಡೆಯುತ್ತದೆ. ನಡುವೆ ಮೆತ್ತಗಿದ್ದರೆ ಮಾತ್ರ ಬೂಸ್ಟು ಹಿಡಿಯುತ್ತದೆ.

ಪಚಡಿಯ ರೇಟು ಇಳಿಸಬೇಕೆಂದರೆ ತಪ್ಪಲ ಅರ್ಧ ಮಾಡಿ, ಮೊಳಕೆ ಕಾಳು ಸೇರಿಸಿ. ಒಂದು ಕೆಜಿ ಹೆಸರು ಅಥವಾ ಮಡಿಕೆ ಕಾಳು ನೆನೆದು ಮೊಳೆತರೆ ಎರಡು ಕೆಜಿ ಮೀರುತ್ತದೆ. ಎಂಟು ತಾಸು ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲಾಗಿ ಕಟ್ಟಿ. ಬಿಗಿದರೆ ಒಳಗೆ ಕಾವು ಏರಿ ಲೋಳೆ ಬರುತ್ತದೆ. ಏಪ್ರಿಲ್‌–ಮೇ ಬಿಸಿಲಲ್ಲಿ ಅರ್ಧ ದಿನಕ್ಕೇ ಮೊಳಕೆ ಒಡೆಯುತ್ತದೆ, ಒಡೆದ ಕೂಡಲೇ ಫ್ರಿಜ್ಜಿಗೆ ಹಾಕಿ. ಹುಳಿ ವಾಸನೆ ಬಂದದ್ದನ್ನು ಪಲ್ಯಕ್ಕೂ ಬಳಸಬೇಡಿ.

ಗಾಣದ ಕುಸುಬಿ ಎಣ್ಣೆ ತುಟ್ಟಿ, ಹಿಂಡಿಯಲ್ಲೇ ಒಂದಿಷ್ಟು ಎಣ್ಣೆ ಉಳಿದುಬಿಡುತ್ತದೆ. ಅದನ್ನು ಕರಿಯಲು ಸುರಿಯದೆ ಚಟ್ನಿಪುಡಿಯ ಮೇಲೆ ಒಂದು ಚಮಚ ಹಾಕಿದರೆ ಸಾಕು. ಹಾಗೆಯೇ, ಖಾನಾವಳಿ ಊಟವೆಲ್ಲ ಆರೋಗ್ಯದ್ದು ಎನ್ನುವುದು ಅರ್ಧ ಸತ್ಯ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ಬೆರಳುದ್ದ ಎಣ್ಣೆ ತೇಲುತ್ತಿದ್ದರೆ ಅದೂ ಭಜಿಯ ಬಳಗವೇ.

ಕೊನೆಗೆ, ಪಚಡಿಯನ್ನು ಊಟದ ರೇಟಿನಲ್ಲಿ ಅಡಗಿಸದೆ ಬೇರೆಯಾಗಿ ಬರೆಯಿರಿ. ತಟ್ಟೆಯ ಜೊತೆ 30 ಗ್ರಾಂ ಕೊಟ್ಟು, ಇನ್ನೂ ಬೇಕೆಂದವರಿಗೆ ಬಟ್ಟಲಿನ ಲೆಕ್ಕ ಹಾಕಿ. ಮೆಂತ್ಯ ಏರಿದ ವಾರ ಬೋರ್ಡಿನ ರೇಟು ಮುಟ್ಟಬೇಡಿ. ಸವತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲದಲ್ಲಿ ಆ ದಿನ ಅಗ್ಗ ಯಾವುದೋ ಅದನ್ನು ಹೆಚ್ಚಿಸಿ.