ಕೋಡ್ ಕಂಪನಿಯ ಸ್ವತ್ತಾದ ಬಗೆ: ಪುಣೆಯಿಂದ ನನ್ನ ಅನುಭವ

ಧಾರವಾಡದ ನಾವು ಮೂವರು ಗೆಳೆಯರು ಪುಣೆಯ ಬಾಣೇರ್‌ನಲ್ಲಿ ನಡೆಸುತ್ತಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಹಣ ತೊಡಗಿಸುವ ಮುನ್ನ ಹೂಡಿಕೆದಾರರೊಬ್ಬರು, ತಂತ್ರಾಂಶದ ಕೃತಿಸ್ವಾಮ್ಯ (ಕಾಪಿರೈಟ್) ಕಂಪನಿಯದೇ ಎಂಬುದಕ್ಕೆ ಲಿಖಿತ ಆಧಾರ ಕೇಳಿದರು.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರರು ಕೆಲಸದ ಭಾಗವಾಗಿ ಬರೆದ ಕೋಡ್‌ಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯೇ ಮೊದಲ ಹಕ್ಕುದಾರ. ಆದರೆ ಕಂಪನಿಯ ನೋಂದಣಿಗೂ ಮುಂಚೆ ನಾವು ಬರೆದಿದ್ದ ಭಾಗಕ್ಕಾಗಲಿ, ಮಡಗಾಂವ್‌ನಿಂದ ಎಂಜಿನಿಯರೊಬ್ಬರು ಗುತ್ತಿಗೆಯ ಮೇಲೆ ಬರೆದುಕೊಟ್ಟ ಭಾಗಕ್ಕಾಗಲಿ ಈ ನಿಯಮ ಅನ್ವಯಿಸುವುದಿಲ್ಲ. ಸಂಭಾವನೆ ಪೂರ್ತಿ ಸಂದಾಯವಾಗಿದ್ದರೂ ಹಕ್ಕು ತಾನಾಗಿ ಬರುವುದಿಲ್ಲವೆಂಬುದನ್ನು ಪ್ರತಿಯೊಬ್ಬ ಸ್ಥಾಪಕರೂ ತಿಳಿದಿರಲೇಬೇಕು.

ಆದ್ದರಿಂದ ನಾಲ್ವರೂ ಕಂಪನಿಯ ಹೆಸರಿಗೆ ಹಕ್ಕು ವರ್ಗಾವಣೆ ಪತ್ರಗಳಿಗೆ ಸಹಿ ಹಾಕಿದೆವು. ಇಲ್ಲಿ 19ನೇ ಸೆಕ್ಷನ್ ನಿರ್ಣಾಯಕ: ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ, ಪತ್ರದಲ್ಲಿ ಬೇರೆ ಷರತ್ತಿಲ್ಲದೆ, 1 ವರ್ಷದೊಳಗೆ ಬಳಸದೆ ಉಳಿದ ಹಕ್ಕುಗಳ ವರ್ಗಾವಣೆ ರದ್ದಾದಂತೆಯೇ. ವಕೀಲರು ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂದು ಬರೆಸಿ, ಬಳಸದಿದ್ದರೂ ಹಕ್ಕು ಉಳಿಯುವುದೆಂಬ ಷರತ್ತನ್ನೂ ಪ್ರತಿಫಲದ ಮೊತ್ತವನ್ನೂ ಸೇರಿಸಿದರು.

ನಿರ್ದೇಶಕರಾದ ನಾವೇ ಕಂಪನಿಗೆ ಸ್ವತ್ತು ಕೊಡುತ್ತಿದ್ದುದರಿಂದ, ನಿರ್ದೇಶಕರಂಥ ಸಂಬಂಧಿತರೊಂದಿಗೆ ಕಂಪನಿ ನಡೆಸುವ ವ್ಯವಹಾರಗಳ ಕುರಿತಾದ, 2013ರ ಕಂಪನಿ ಕಾಯ್ದೆಯ 188ನೇ ಸೆಕ್ಷನ್ ಗಮನದಲ್ಲಿಟ್ಟು ಮಂಡಳಿಯ ಸಭೆಯಲ್ಲಿ ನಿರ್ಣಯ ಅಂಗೀಕರಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿದೆವು. ಈಗ ಗುತ್ತಿಗೆದಾರರು ಕೆಲಸ ಆರಂಭಿಸುವ ಮೊದಲೇ ಇದೇ ಒಕ್ಕಣೆಯ ಪತ್ರಕ್ಕೆ ಸಹಿಯಾಗುತ್ತದೆ.